ಏವಿಸ್ ಪುಕ್ಕ ಕಿತ್ತ ಮೀನುಗಳು

ಏವಿಸ್ ಮೂವತ್ತು ವರ್ಷ ಸೆಜ್‌ಮಿಯರ್ ಮಠದ ಅಡುಗೆಮನೆಯಲ್ಲಿ ಹೆಬ್ಬಾತುಗಳ ಪುಕ್ಕ ಕಿತ್ತವಳು. ಕೈ ಎಷ್ಟು ಚುರುಕೋ ಬಾಯಿ ಅದಕ್ಕಿಂತ ಚುರುಕು. ಹೆದರಿಕೆ ಅವಳ ಮನೆಯ ಹೊಸ್ತಿಲು ತುಳಿದದ್ದೇ ಇಲ್ಲವೆಂದು ಆ ಜೌಗುನಾಡಿನ ಜನ ಆಡಿಕೊಳ್ಳುತ್ತಿದ್ದರು.

ಈಸ್ಟರ್‌ಗೆ ಮುಂಚಿನ ನಲವತ್ತು ದಿನ ಉಪವಾಸ; ಮಾಂಸ, ಮೊಟ್ಟೆ, ಬೆಣ್ಣೆ ಮುಟ್ಟುವಂತಿಲ್ಲ. ಮೀನಿಗೆ ಮಾತ್ರ ಅಡ್ಡಿಯಿಲ್ಲ. ಉತ್ತರದ ಕಡಲಿನಿಂದ ಬರುವ ಕಪ್ಪು ಹೆಬ್ಬಾತು ನೀರಲ್ಲಿ ತೇಲುವ ಮರದ ದಿಮ್ಮಿಯಲ್ಲಿ ಹುಟ್ಟುತ್ತದೆ, ಹಾಗಾಗಿ ಅದೂ ಮೀನೇ ಎಂದು ಮಠದವರು ಎಂದೋ ತೀರ್ಮಾನಿಸಿಬಿಟ್ಟಿದ್ದರು. ಕಡಲಿನ ಹಕ್ಕಿ ಸಿಗದ ವರ್ಷ ಏವಿಸಳ ಅಂಗಳದ ಹೆಬ್ಬಾತುಗಳೇ ಬುಟ್ಟಿಯಲ್ಲಿ ಕೂತು ಮಠಕ್ಕೆ ಹೋಗಿ ಮೀನಾಗುತ್ತಿದ್ದವು. ಇಂಥ ಪವಾಡ ಯಾವ ಸಂತನ ಕೈಯಲ್ಲೂ ನಡೆದಿರಲಾರದು!

ಆ ವರ್ಷ ಉಪವಾಸದ ನಡುವೆ ಅವಳ ಗಂಡ ವೈಮಂಡ್ ಜ್ವರದಿಂದ ಹಾಸಿಗೆ ಹಿಡಿದ. ಏವಿಸ್ ಒಂದು ಹೆಬ್ಬಾತಿನ ಮೊಟ್ಟೆ ಹುರಿದು ತಿನ್ನಿಸಿದಳು. ವಾಸನೆ ಹಿಡಿದ ನೆರೆಯವಳು ಮಠಕ್ಕೆ ಚಾಡಿ ಹೇಳಿದಳು. ತಿಂದವನಿಗೆ ಶಿಕ್ಷೆ, ಬರಿಮೈಯಲ್ಲಿ ಚರ್ಚಿಗೆ ಮೂರು ಸುತ್ತು, ಪ್ರತಿ ಸುತ್ತಿಗೂ ಆರು ಛಡಿಯೇಟು. ಆ ಮೈಗೆ ಒಂದು ಸುತ್ತೇ ಸಾವೆಂದು ಏವಿಸಳಿಗೆ ಗೊತ್ತಿತ್ತು.

ಭಾನುವಾರ ಚರ್ಚು ಕಿಕ್ಕಿರಿದಿತ್ತು. ಮಠದ ಹಿರಿಯ ಗುರು ಓಸ್ಬರ್ಟ್ ತೀರ್ಪು ಓದಲು ಎದ್ದರು. ಏವಿಸ್ ಗಂಡನ ತೋಳು ಬಿಡದೆ ಕೇಳಿದಳು:

“ಒಂದ್ ಮಾತು ಸ್ವಾಮಿ. ಹೋದ ಬುಧವಾರ ತಮ್ಮ ಊಟಕ್ಕೇನಿತ್ತು?”

“ಮೀನು,” ಎಂದರು ಗುರುಗಳು.

“ಅದ್ರ ಪುಕ್ಕ ಕಿತ್ತೋಳು ನಾನೇ. ನಮ್ಮಂಗಳದ ಹೆಬ್ಬಾತು. ನನ್ ಗಂಡ ತಿಂದಿದ್ದು ಅದು ಇಟ್ಟಿದ್ದ ಮೊಟ್ಟೇನೇ. ತಾಯಿ ಮೀನಾದ್ರೆ ಮೊಟ್ಟೆನೂ ಮೀನಿಂದೇ ತಾನೇ? ಅಲ್ಲ, ಪಾಪ ಅಂತೀರಾ, ತಮ್ಮನ್ನೂ ಇವ್ರನ್ನೂ ಇಬ್ರನ್ನೂ ಸುತ್ತಿಸ್ಲಿ. ತಮ್ಮ ನಿಲುವಂಗಿ ನಾನೇ ಹಿಡ್ಕೊಂಡಿರ್ತೀನಿ.”

“ನಲವತ್ ವರ್ಷ ಬಲೆ ಬೀಸಿದೀನಿ ಕಣಮ್ಮೋ,” ಹಿಂದಿನಿಂದ ಮುದಿ ಬೆಸ್ತನೊಬ್ಬ ಕೂಗಿದ, “ಪುಕ್ಕ ಇರೋ ಮೀನು ನಂಗಂತೂ ಸಿಗ್ಲೇ ಇಲ್ಲ!”

ಚರ್ಚಿಗೆ ಚರ್ಚೇ ಗೊಳ್ಳೆಂದು ನಕ್ಕಿತು. ಗುರುಗಳ ಮುಖ ಕೆಂಪೇರಿತು. ಕಾಯಿಲೆಯವರಿಗೆ ಉಪವಾಸದ ಕಟ್ಟು ಇಲ್ಲವೆಂಬ ನಿಯಮ ಅವರ ಪುಸ್ತಕದಲ್ಲಿ ನೂರಾರು ವರ್ಷಗಳಿಂದ ಇತ್ತು. ಅವರಿಗೆ ಅದು ನೆನಪಾದದ್ದು ಆಗ. ಛಡಿ ಹಿಡಿದಿದ್ದವನಿಗೆ ಹೋಗೆಂದು ಕೈಸನ್ನೆ ಮಾಡಿದರು.

ಮರುದಿನ ಬೆಳಗ್ಗೆ ಏವಿಸಳ ಮಠದ ಕೆಲಸ ಹೋಯಿತು. ಅವಳು ಮನೆಗೆ ಬಂದು, ಬಾಗಿಲನ್ನು ಹಾರುಹೊಡೆದು, ಬೀದಿಗೆಲ್ಲ ಘಮ ಹರಡುವಂತೆ ಗಂಡನಿಗೆ ಎರಡು ಮೊಟ್ಟೆ ಹುರಿದಳು, ಬೆಣ್ಣೆಯಲ್ಲಿ.