ಕಾಕಾ ಕಟ್ಟಿಕೊಟ್ಟ ಬಾರದಾನ

ಅವರ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದ, ಹಳದಿ ಬಣ್ಣ, ತುದಿ ಕೊಂಚ ಬಾಗಿತ್ತು. ಸುತಳಿಯ ಗಂಟು ಬಿಚ್ಚಲೆಂದೇ ಬೆಳೆಸಿದ್ದು. ಕಾಚಿಗೂಡದ ಹಳೆಯ ಮನೆಯಲ್ಲಿ ಮೇಲೆ ಮಗ-ಸೊಸೆಯೊಡನೆ ಅವರು, ಕೆಳಗೆ ನಾವು. ರೈಲ್ವೆಯ ಪಾರ್ಸೆಲ್ ಆಫೀಸಿನಿಂದ ನಿವೃತ್ತರಾದ ಅವರು ಎಲ್ಲರಿಗೂ ಕಾಕಾ.

ಕಾಕಾ ಯಾರನ್ನೂ ನಂಬುತ್ತಿರಲಿಲ್ಲ. ಹಾಲಿನ ಪಾಕೀಟನ್ನು ಬೆಳಕಿಗೆ ಹಿಡಿದು ನೋಡುವರು. ಮಿಠಾಯಿ ಅಂಗಡಿಯಲ್ಲಿ ಮೊದಲು ಖಾಲಿ ಡಬ್ಬಿ ತೂಗಿಸುವರು. ನಾನೇನು ಕಡಿಮೆಯೇ? ನನಗೆ ಅವರ ಮೇಲೆಯೇ ಅನುಮಾನ. ಧಾರವಾಡದಿಂದ ಅವ್ವ ಕಳಿಸಿದ ಪಾರ್ಸೆಲ್ ಬಂದರೆ ಸಾಕು, ಮೆಟ್ಟಿಲ ಮೇಲೆ ಅವರ ಚಪ್ಪಲಿ ಸದ್ದು. "ಮಾಲು ನೀ ಇಟಗೊ ತಂಗಿ, ಬಾರದಾನ ನನಗ ಕೊಡು." ಗೋಣಿತಟ್ಟು, ಹುಲ್ಲು, ಸುತಳಿ ಎಲ್ಲ ಮೇಲೆ ಹೋಗುತ್ತಿತ್ತು. ಗುಜರಿಗೆ ಹಾಕುತ್ತಾರೆಂದೇ ನಾನು ತೀರ್ಮಾನಿಸಿದ್ದೆ.

"ಬಾರದಾನ ಅಂದ್ರ ಏನರಿ ಕಾಕಾ?" ಎಂದು ಒಮ್ಮೆ ಕೇಳಿದೆ.

"ಫಾರ್ಸಿ ಮಾತು. ಬಾರ ಅಂದ್ರ ಹೊರೆ. ದಾನ ಅಂದ್ರ ಅದನ್ನ ಹಿಡಕೊಳ್ಳೋದು, ಪಾನದಾನ ಅಂತೀವಲ್ಲ, ಹಂಗ. ಮಾಲು ಇಳಿಸಿಕೊಂಡ ಮ್ಯಾಲೆ ಬಾರದಾನ ಕಳಿಸಿದವರಿಗೆ ವಾಪಸ್ ಹೋಗಬೇಕು. ಅದು ರಿವಾಜು."

"ಹಂಗಾದ್ರ ನಮ್ಮದನ್ನ ನೀವ್ಯಾಕ ಇಟಗೋತೀರಿ?"

ಕಾಕಾ ಉಗುರು ನೋಡಿಕೊಳ್ಳುತ್ತ ಮೆಟ್ಟಿಲು ಹತ್ತಿದರು. ನನ್ನ ಅನುಮಾನ ಗಟ್ಟಿಯಾಯಿತು.

ನಾವು ಮಿಯಾಪುರದ ಫ್ಲ್ಯಾಟಿಗೆ ಹೊರಟಾಗ ನನಗಿದ್ದ ಹೆದರಿಕೆ ಅವ್ವನ ತಂಬೂರಿಯದು. ಅಷ್ಟರಲ್ಲಿ ಅವ್ವ ತೀರಿಕೊಂಡಿದ್ದಳು. ಅವಳದೆಂದು ಉಳಿದಿದ್ದ ದನಿ ಅದೊಂದೇ. ಸೋರೆಬುರುಡೆ, ಒಂದು ಪೆಟ್ಟು ಬಿದ್ದರೆ ಸೀಳಿಹೋಗುತ್ತದೆ. "ಲಾರಿಯವರನ್ನ ನಂಬಬ್ಯಾಡ, ನಾ ಕಟ್ಟತೀನಿ" ಎಂದು ಕಾಕಾ ಅದನ್ನು ಮೇಲೆ ಒಯ್ದು ಬಾಗಿಲು ಹಾಕಿಕೊಂಡರು. ಬಾಗಿಲು ಯಾಕೆ ಹಾಕಬೇಕು? ಚಹಾದ ನೆಪದಲ್ಲಿ ಹೋದೆ. ಸಂದಿಯಲ್ಲೇ ಕಪ್ಪು ಇಸಿದುಕೊಂಡು ಮತ್ತೆ ಹಾಕಿಕೊಂಡರು. ಸಂಜೆ ಗಂಟು ಕೆಳಗೆ ತಂದು ಕಣ್ಣು ಕಿರಿದು ಮಾಡಿ, "ಬಾರದಾನ ವಾಪಸ್ ಬರಬೇಕು. ಪೂರಾ" ಎಂದರು.

ಮಿಯಾಪುರದಲ್ಲಿ ಬಿಚ್ಚಿದೆ. ಗೋಣಿತಟ್ಟಿನ ಮೇಲೆ ಅವ್ವನ ಕೈಯಕ್ಷರದಲ್ಲಿ ನಮ್ಮ ಕಾಚಿಗೂಡದ ವಿಳಾಸ. ಅದರೊಳಗೆ ಬಿಸಿಲಿಗೆ ಒಣಗಿಸಿ ಜಾಡಿಸಿದ ಹುಲ್ಲು. ಎಲ್ಲಕ್ಕೂ ಒಳಗೆ, ಬುರುಡೆಗೆ ಸುತ್ತಿದ್ದು ಒಂದು ಹಳೆಯ ಇಳಕಲ್ ಸೀರೆ. ಕಾಕಾನ ಮನೆಯ ಗೋಡೆಯ ಹಾರ ಹಾಕಿದ ಫೋಟೋದಲ್ಲಿ, ಅವರ ಹೆಂಡತಿ ಕಾಕು ಉಟ್ಟಿದ್ದು ಅದೇ ಸೀರೆ. ತಂತಿ ಮೀಟಿದೆ. ಅವ್ವನೇ ಉಸಿರೆಳೆದ ಹಾಗಾಯಿತು. ಅತ್ತುಬಿಟ್ಟೆ.

ಮರುದಿನವೇ ಎಲ್ಲವನ್ನೂ ಮಡಚಿಕೊಂಡು ಮೆಟ್ರೋ ಹತ್ತಿದೆ. ಕಾಕಾ ಸೀರೆಯನ್ನು ಕಿಟಕಿಗೆ ಹಿಡಿದು ಅಂಚಿನುದ್ದಕ್ಕೂ ಉಗುರು ಆಡಿಸಿ ಪರೀಕ್ಷಿಸಿದರು. ನನ್ನನ್ನಂತೂ ನಂಬಲಿಲ್ಲ. ಆಮೇಲೆ ಗೋಣಿತಟ್ಟನ್ನು ನನ್ನತ್ತ ಸರಿಸಿದರು.

"ಇದು ನಿಮ್ಮವ್ವಂದು. ಕಳಿಸಿದಾಕಿನ ಇಲ್ಲ ಈಗ. ನಿನ್ನ ಕಡೇನ ಇರಲಿ."

ಹೋದ ಚಳಿಗಾಲದಲ್ಲಿ ಕಾಕಾ ತೀರಿಕೊಂಡರು. ಮಾತಾಡಿಸಿಕೊಂಡು ಬರಲು ಹೋದಾಗ ಅವರ ಸೊಸೆ ನನ್ನ ಪಕ್ಕ ಕೂತು ಮೆಲ್ಲಗೆ ಕೇಳಿದಳು: "ಅತ್ತಿ ಸೀರಿ ನನಗ ಮುಟ್ಟಗೊಡತಿದ್ದಿಲ್ಲರಿ ಮಾವಾರು. ಅಷ್ಟು ದೂರ ನಿಮ್ಮ ಕೂಡ ಹೆಂಗ ಕಳಿಸಿದ್ರು?"

ನಾನು ತಲೆ ಎತ್ತಿದೆ. ಗೋಡೆಯ ಮೇಲೆ ಈಗ ಎರಡು ಫೋಟೋ ಇದ್ದವು. ಕಾಕಾ ಅಲ್ಲಿಯೂ ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡುತ್ತಿದ್ದರು.