ಬೆಟ್ಟದ ಮೇಲೆ ಮೇಜು ಹಂಚಿದ ದಿನ

ನಮ್ಮಮ್ಮ ಯಾರ ಮೇಲೆ ಹಲ್ಲು ಮಸೆಯುತ್ತಿದ್ದಾಳೆ ಎಂದು ತಿಳಿಯಬೇಕಾದರೆ, ಅವಳು ಯಾರನ್ನು ಅತಿಯಾಗಿ ಉಪಚರಿಸುತ್ತಿದ್ದಾಳೆ ಎಂದು ನೋಡಬೇಕು. ಬೈದರೆ ಸಿಟ್ಟು ಇಳಿಯಿತೆಂದೇ ಅರ್ಥ. ನಗುನಗುತ್ತಾ ಬಡಿಸಿದರೆ ಹುಷಾರಾಗಿರಬೇಕು. ಪ್ರವಾಸದ ಬೆಳಿಗ್ಗೆ ವ್ಯಾನಿನಲ್ಲಿ ಅವಳು ಚಿಕ್ಕಪ್ಪನಿಗೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟಾಗಲೇ ನನಗೆ ವಾಸನೆ ಬಡಿಯಿತು.

ನಾವು ಮೂವರೂ ಶಾಲಾ ಸಮವಸ್ತ್ರ ಹೊಲಿಯುವ ಒಂದೇ ಕಾರ್ಖಾನೆಯಲ್ಲಿ ಕೆಲಸ ಮಾಡುವವರು. ನಾನು ಕಾಲರ್ ಹೊಲಿಯುತ್ತೇನೆ. ಅಮ್ಮ ಕಟಿಂಗ್ ಮಾಸ್ಟರ್. ಉದ್ದನೆಯ ಮೇಜಿನ ಮೇಲೆ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕರೆಂಟಿನ ಕಟಿಂಗ್ ಮಿಷಿನ್ ಓಡಿಸುವ ಕೆಲಸ. ಎದುರಿಗೆ ಇನ್ನೊಬ್ಬರು ನಿಂತು, ಪದರ ಜಾರದ ಹಾಗೆ ಬ್ಲೇಡಿನ ಮುಂದೆ ಮುಂದೆ ಅಂಗೈ ಒತ್ತಿಕೊಂಡು ಹೋಗಬೇಕು. ಚಿಕ್ಕಪ್ಪನನ್ನು ಆ ಕೆಲಸಕ್ಕೆ ಸೇರಿಸಿದವಳೂ ಅಮ್ಮನೇ, ಆಮೇಲೆ ಮಿಷಿನ್ ಹಿಡಿಯುವುದನ್ನು ಕಲಿಸಿದವಳೂ ಅಮ್ಮನೇ. ಅಪ್ಪನ ತಮ್ಮ, ಅವಳ ಕೈತುತ್ತು ತಿಂದು ಬೆಳೆದವನು. ಆ ಮನುಷ್ಯ ಒಂದು ದಿನ ಮಾಲೀಕರ ಹತ್ತಿರ ಹೋಗಿ, ಅತ್ತಿಗೆಯ ಕೈ ನಡುಗುತ್ತಿದೆ ಎಂದು ಕಿವಿ ಊದಿದ. ಮಾರನೆಯ ದಿನ ಅಮ್ಮ ಗುಂಡಿ ಹಚ್ಚುವವರ ಸಾಲಿನಲ್ಲಿ, ಅವನು ಮಿಷಿನ್ ಮುಂದೆ.

ಕೈ ನಡುಗುತ್ತಿದ್ದದ್ದು ನಿಜ. ಬೆಳಿಗ್ಗೆ ಚಹಾ ಲೋಟದಿಂದ ತುಳುಕುವುದನ್ನು ನಾನೂ ನೋಡಿದ್ದೇನೆ. ಆದರೆ ದಿನಾ ಎದುರಿಗೆ ಕೂತು ಉಣ್ಣುವವನು ಮೊದಲು ಅಮ್ಮನಿಗೆ ಹೇಳಬಹುದಿತ್ತಲ್ಲ? ನನಗೆ ಅವನ ಮುಖ ಕಂಡರೆ ಮೈ ಉರಿಯುತ್ತಿತ್ತು. ಅಮ್ಮ ಮಾತ್ರ ಒಂದು ಮಾತೂ ಆಡದೆ ಅವನ ತಟ್ಟೆಗೆ ಕೇಳಿ ಕೇಳಿ ಬಡಿಸುತ್ತಿದ್ದಳು.

ನಮ್ಮ ಮಾಲೀಕರಿಗೆ ಒಂದು ಖಯಾಲಿ. ವರ್ಷಕ್ಕೊಮ್ಮೆ ಎಲ್ಲರನ್ನೂ ವ್ಯಾನಿನಲ್ಲಿ ಬೆಟ್ಟಕ್ಕೆ ಕರೆದುಕೊಂಡು ಹೋಗಿ, ತುದಿಯಲ್ಲಿ ಊಟವಾದ ಮೇಲೆ ಮುಂದಿನ ವರ್ಷ ಯಾರಿಗೆ ಯಾವ ಮೇಜು ಎಂದು ಸಾರುವುದು. ಮೇಲೆ ಹೇಳಿದ ಮಾತನ್ನು ಕೆಳಗೆ ಬದಲಿಸುವುದಿಲ್ಲ ಎಂಬುದು ಅವರ ಜಂಬ. ಚಿಕ್ಕಪ್ಪನ ಹೆಸರು ಅಲ್ಲಿ ಬಂತೆಂದರೆ ಅಮ್ಮನ ಮೇಜು ಹೋದ ಹಾಗೆಯೇ.

ಪ್ರತಿ ವರ್ಷ ಮಂಡಿ ನೋವೆಂದು ಹೇಳಿ ವ್ಯಾನಿನಲ್ಲೇ ಮಲಗುತ್ತಿದ್ದ ಚಿಕ್ಕಪ್ಪ ಈ ಸಲ ಹತ್ತಲೇಬೇಕಿತ್ತು. ಅದು ಮಂಡಿ ನೋವಲ್ಲ ಎಂದು ನಮ್ಮ ಮನೆಯವರಿಗೆ ಮಾತ್ರ ಗೊತ್ತು. ಈಗಲೂ ಮನೆಯಲ್ಲಿ ಬಲ್ಬು ಬದಲಿಸಲು ಸ್ಟೂಲು ಹತ್ತುವವಳು ನಾನು. ಎತ್ತರ ಅಂದರೆ ಅವನಿಗೆ ಜೀವ ಬಾಯಿಗೆ ಬರುತ್ತದೆ.

ದಾರಿಯುದ್ದಕ್ಕೂ ಅಮ್ಮ ಅವನನ್ನು ಅಕ್ಕರೆಯಿಂದ ಅರೆದಳು. ಕಿಟಕಿಯ ಆಚೆ ಕಣಿವೆ. ನೋಡಪ್ಪ, ಎಷ್ಟು ಆಳ, ಎಂದು ತೋರಿಸಿದಳು. ಜಲಪಾತದ ಹತ್ತಿರ ಎಲ್ಲರೂ ಕಂಬಿಗೆ ಆತು ಫೋಟೊ ತೆಗೆಸಿಕೊಂಡರೆ ಅವನು ಬೆನ್ನು ತಿರುಗಿಸಿ ಫೋನು ನೋಡುತ್ತಾ ನಿಂತ. ಅಮ್ಮ ಅವನ ತೋಳು ಹಿಡಿದು ಕಂಬಿಯ ತನಕ ಎಳೆದು ತಂದಳು. ನನಗೆ ಒಳಗೊಳಗೇ ಹಾಲು ಕುಡಿದಷ್ಟು ಖುಷಿ.

ಬೆಟ್ಟದ ಬುಡದಲ್ಲಿ ಎರಡು ದಾರಿ. ಒಂದು ಮರಗಳ ನಡುವಿನ ಮೆಟ್ಟಿಲು. ಇನ್ನೊಂದು ಬಂಡೆಯ ಏಣಿನ ಮೇಲೆ ಹೋಗುವ ಕಾಲುದಾರಿ. ಎರಡೂ ಕಡೆ ಇಳಿಜಾರು, ಹಿಡಿದುಕೊಳ್ಳಲು ಒಂದು ಸರಪಳಿ. ಮೆಟ್ಟಿಲಲ್ಲಿ ಹೋದರೆ ಏನು ಕಾಣುತ್ತದೆ, ಇಷ್ಟು ದೂರ ಬಂದದ್ದು ಮರ ನೋಡಲಿಕ್ಕಾ ಎಂದು ಅಮ್ಮ ಮಾಲೀಕರನ್ನು ಹುರಿದುಂಬಿಸಿದಳು. ಅವರು ಸರಪಳಿ ದಾರಿಗೆ ತಿರುಗಿದರು. ಹೊಸ ಕಟಿಂಗ್ ಮಾಸ್ಟರ್ ಆಗುವವನು ಬೇಡ ಎನ್ನಲಾಗುತ್ತದೆಯೇ?

ಅರ್ಧ ದಾರಿಯಲ್ಲಿ ಚಿಕ್ಕಪ್ಪ ಕುಸಿದು ಕೂತ. ಸರಪಳಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು, ಕಣ್ಣು ಮುಚ್ಚಿ, ಮೇಲೂ ಇಲ್ಲ ಕೆಳಗೂ ಇಲ್ಲ. ಮುಂದೆ ಹೋಗಿದ್ದ ಮಾಲೀಕರು ತಿರುಗಿ ನೋಡಿದರು. ಹಿಂದಿದ್ದ ಹುಡುಗಿಯರು ಕಿಸಕ್ಕೆಂದರು. ಅಮ್ಮ ನಿಧಾನವಾಗಿ ವಾಪಸು ಬಂದು ಅವನ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಅತ್ತಿಗೆ, ಕೈ ಕೊಡಿ," ಅಂದ.

"ಯಾವ ಕೈ? ನಡುಗೋ ಕೈ ಹಿಡ್ಕೊಂಡು ಹೆಂಗಪ್ಪಾ ಹತ್ತುತೀಯ?"

"ಬೆರಳು ಕತ್ತರಿಸ್ಕೋತೀರ ಅಂತ ಭಯ ಆಗಿ ಹೇಳಿದ್ದು. ನನ್ನಾಣೆ."

"ಭಯ ನಿಂದು. ಮೇಜು ನಂದು. ಅದನ್ನ ಯಾಕೆ ತಗೊಂಡೆ?"

ಅಮ್ಮ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಕೂತಿದ್ದಳು. ತಪ್ಪಾಯ್ತು ಅಂದ. ನನಗೆ ಹೇಳಬೇಡ, ಅವರಿಗೆ ಹೇಳು, ಎಂದು ಮಾಲೀಕರ ಕಡೆ ಕತ್ತು ತಿರುಗಿಸಿದಳು. ಚಿಕ್ಕಪ್ಪ ಕಣ್ಣು ಬಿಡದೆಯೇ, ಅತ್ತಿಗೆ ಕೈ ನಡುಗುವುದಿಲ್ಲ ಸಾರ್, ಮೇಜಿನ ಆಸೆಗೆ ಸುಳ್ಳು ಹೇಳಿದೆ, ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿದ. ಆಗ ಅಮ್ಮ ಕೈ ಕೊಟ್ಟಳು. ನನ್ನ ಹೊಟ್ಟೆ ತಣ್ಣಗಾಯಿತು.

ತುದಿಯಲ್ಲಿ ಗಾಳಿ ಜೋರಾಗಿತ್ತು. ಊಟದ ಡಬ್ಬಿ ಮುಚ್ಚಿದ ಮೇಲೆ ಮಾಲೀಕರು, ಕಟಿಂಗ್ ಮೇಜು ಮತ್ತೆ ಅಮ್ಮನದೇ ಎಂದು ಸಾರಿದರು. ಚಿಕ್ಕಪ್ಪನನ್ನು ಪ್ಯಾಕಿಂಗಿಗೆ ಹಾಕುತ್ತೇನೆ, ಇಂಥವನ ಮುಖ ನಿಮಗೆ ಬೇಡ, ಅಂದರು. ಮುಗಿಯಿತು, ಇನ್ನು ಅವನು ದೂರ ಇರುತ್ತಾನೆ ಎಂದು ನಾನು ನೀರು ಕುಡಿಯಲು ಹೊರಟೆ.

"ಬೇಡ ಸಾರ್," ಅಂದಳು ಅಮ್ಮ. "ನನ್ನ ಮೈದುನ ನನ್ನ ಎದುರಿಗೇ ನಿಲ್ಲಲಿ. ಬಟ್ಟೆ ಒತ್ತೋಕೆ."

ಎಷ್ಟು ದೊಡ್ಡ ಮನಸ್ಸು ಎಂದು ಮಾಲೀಕರು ಎಲ್ಲರ ಮುಂದೆ ಹೊಗಳಿದರು. ಹುಡುಗಿಯರು ಚಪ್ಪಾಳೆ ತಟ್ಟಿದರು. ನಾನು ತಟ್ಟಲು ಎತ್ತಿದ ಕೈ ಹಾಗೇ ನಿಂತಿತು. ಚಿಕ್ಕಪ್ಪ ಅಮ್ಮನನ್ನೇ ನೋಡುತ್ತಿದ್ದ. ಸರಪಳಿಯ ಹತ್ತಿರವೂ ಅವನ ಮುಖ ಅಷ್ಟು ಬಿಳಿಚಿಕೊಂಡಿರಲಿಲ್ಲ. ಆಡಿದ ಮಾತನ್ನು ಅವನು ನುಂಗುವ ಹಾಗಿರಲಿಲ್ಲ, ಮಾಲೀಕರು ಬದಲಿಸುವವರಲ್ಲ.

ಸೋಮವಾರ ಬೆಳಿಗ್ಗೆ ನೀಲಿ ಬಟ್ಟೆಯ ಪದರ ಹಾಸಿತ್ತು. ಅಮ್ಮ ಎಳೆದ ಸೀಮೆಸುಣ್ಣದ ಗೆರೆ ನನ್ನ ಜಾಗದಿಂದಲೇ ಅಂಕುಡೊಂಕಾಗಿ ಕಾಣುತ್ತಿತ್ತು. ಅವಳು ಮಿಷಿನ್ ಸ್ವಿಚ್ ಒತ್ತಿ, ಮನೆಯಲ್ಲಿ ಬಡಿಸುವಾಗಿನ ಅದೇ ನಗು ನಕ್ಕಳು.

"ಕೈ ಇಡಪ್ಪ," ಅಂದಳು.

ಚಿಕ್ಕಪ್ಪ ಬ್ಲೇಡಿನ ಮುಂದೆ ಅಂಗೈ ಇಟ್ಟ.