ಮೆಟ್ಟಿಲ ತಿರುವಿನ ಕಪಾಟು

ಕಳೆದ ಭಾನುವಾರ ನಾನು ಒಬ್ಬ ಹುಡುಗಿಯನ್ನು ಬಾಯಿ ತುಂಬ ಹೊಗಳಿದೆ. ಅದರಿಂದ ಅವಳು ತಿಂಗಳುಗಟ್ಟಲೆ ಕೂತು ಬರೆದ ಕಟ್ಟಡದ ಪ್ಲಾನು ಹಾಳಾಯಿತು.

ಹೊಗಳಿದರೆ ಪ್ಲಾನು ಹೇಗಯ್ಯಾ ಹಾಳಾಗುತ್ತದೆ ಎಂದು ನೀವು ಕೇಳುತ್ತೀರಿ. ಹೇಳುತ್ತೇನೆ. ಆದರೆ ಈ ವಾರ ಇಲ್ಲಿ ನಗು ಹುಡುಕಬೇಡಿ. (ಪ್ರತಿ ವಾರ ಹುಡುಕಿ, ಸಿಗದೆ, ನನಗೆ ಕಾಗದ ಬರೆಯುವ ಮಾಟುಂಗಾದ ಓದುಗರಿಗೂ ಇದೇ ಮಾತು.) ನನಗೆ ಸಿಟ್ಟು ಬಂದಿದೆ. ಎಷ್ಟು ಸಿಟ್ಟೆಂದರೆ, ಸೋಮವಾರ ಆಫೀಸಿಗೆಂದು ದಾದರಿನಲ್ಲಿ ಲೋಕಲ್ ಹತ್ತಿದವನು ಕುರ್ಲಾದಲ್ಲಿ ಇಳಿಯುವುದನ್ನು ಮರೆತು ಘಾಟ್ಕೋಪರಿನಲ್ಲಿ ಕಣ್ಣು ಬಿಟ್ಟೆ. ಇಪ್ಪತ್ತು ವರ್ಷದ ನೌಕರಿಯಲ್ಲಿ ಮೊದಲ ಸಲ ಲೇಟ್ ಮಾರ್ಕ್ ಬಿತ್ತು.

ಮೊದಲು ಹುಡುಗಿಯ ವಿಷಯ. ಒಂದೊಂದೇ ಕೋಣೆಯ ಮನೆಗಳ ನಮ್ಮ ಚಾಳಿನ ಮೂರನೆಯ ಮಾಳಿಗೆಯಲ್ಲಿ ನನ್ನ ಖೋಲಿಯಿಂದ ಎರಡು ಬಾಗಿಲು ದಾಟಿದರೆ ವಾಸುದೇವ ರಾಯರ ಮನೆ. ಉಡುಪಿ ಕಡೆಯವರು, ಸ್ಟೇಷನ್ ಹತ್ತಿರದ ಒಂದು ಹೋಟೆಲಿನಲ್ಲಿ ಮ್ಯಾನೇಜರು. ಅವರ ಮಗಳು ವಿಜಯಾ. ಆರ್ಕಿಟೆಕ್ಚರ್ ಓದುತ್ತಿದ್ದಾಳೆ, ಇದು ಕೊನೆಯ ವರ್ಷ. ಹುಡುಗಿಯೇ? ಆರ್ಕಿಟೆಕ್ಚರೇ? ಎಂದು ಹುಬ್ಬೇರಿಸಬೇಡಿ. ನಮ್ಮ ಚಾಳಿನಲ್ಲಿ ಆ ಹುಬ್ಬೇರಿಸುವ ಕೆಲಸ ಎಂದೋ ಮುಗಿದಿದೆ. ಮನೆಗಳ ಮುಂದಿನ ಗ್ಯಾಲರಿಯಲ್ಲಿ ಅವಳು ಡ್ರಾಯಿಂಗ್ ಬೋರ್ಡ್ ಹಾಸಿಕೊಂಡು ಕೂತಿದ್ದರೆ ಈಗ ನೀರಿನ ಕೊಡ ಹೊತ್ತ ಹೆಂಗಸರು ತಾವಾಗಿಯೇ ಸುತ್ತು ಹಾಕಿ ಹೋಗುತ್ತಾರೆ.

ಇನ್ನು ನಮ್ಮ ಸೊಸೈಟಿ. ಚಾಳಿನ ಬಾಳು ಸಾಕಾದ ಕೆಲವು ಕನ್ನಡಿಗರು ಸೇರಿ ಅಂಧೇರಿಯಲ್ಲಿ ಜಾಗ ಹಿಡಿದಿದ್ದೇವೆ. ಸ್ಟೇಷನ್ನಿನಿಂದ ಗದ್ದೆಯ ಬದುವಿನ ಮೇಲೆ ಇಪ್ಪತ್ತು ನಿಮಿಷ ನಡೆದರೆ ಸಿಗುತ್ತದೆ. (ಹಾವುಗಳೂ ಸಿಗುತ್ತವೆ.) ಅಲ್ಲಿ ನೆಲ ಅಂತಸ್ತಿನ ಮೇಲೆ ಮೂರು ಮಾಳಿಗೆಯ ಬಿಲ್ಡಿಂಗ್ ಕಟ್ಟುವುದೆಂದು ತೀರ್ಮಾನ. ಲಿಫ್ಟ್ ನಮ್ಮಂಥವರಿಗೆಲ್ಲಿ ಬರಬೇಕು? ಮೆಟ್ಟಿಲೇ ಗತಿ. ಪ್ಲಾನಿಗೆ ದೊಡ್ಡ ಆರ್ಕಿಟೆಕ್ಟರ ಹತ್ತಿರ ಹೋಗುವ ಬದಲು ವಿದ್ಯಾರ್ಥಿಗಳಿಗೆ ಒಂದು ಸ್ಪರ್ಧೆ ಇಡೋಣ, ಗೆದ್ದವರ ಪ್ಲಾನಿನಂತೆಯೇ ಕಟ್ಟೋಣ ಎಂದು ಕಮಿಟಿಯಲ್ಲಿ ಸೂಚಿಸಿದವನು ನಾನೇ. ಹೌದು, ಆ ಕಮಿಟಿಯಲ್ಲಿ ನಾನೂ ಇದ್ದೇನೆ. ಈ ಲೇಖನದಲ್ಲಿ ಯಾರಿಗಾದರೂ ಬೈದರೆ ಅದರಲ್ಲಿ ನನ್ನ ಪಾಲೂ ಇದೆ ಎಂದು ತಿಳಿಯಿರಿ.

ಸ್ಪರ್ಧೆ ಮಾತ್ರ ನ್ಯಾಯವಾಗಿಯೇ ನಡೆಯಿತು. ಪ್ಲಾನಿನ ಮೇಲೆ ಹೆಸರಿಲ್ಲ, ಬರೀ ನಂಬರು. ಹೆಸರು ಬೇರೆ ಲಕೋಟೆಯಲ್ಲಿ, ಅದಕ್ಕೆ ಅರಗಿನ ಮುದ್ರೆ. ಫೋರ್ಟ್ ಭಾಗದ ಆಫೀಸಿನಿಂದ ಬಂದ ಇಬ್ಬರು ಆರ್ಕಿಟೆಕ್ಟರು ಅರ್ಧ ದಿನ ಕೂತು ನೋಡಿ ಒಂಬತ್ತನೆಯ ನಂಬರು ಎಂದರು. ಲಕೋಟೆ ಒಡೆದರೆ ನಮ್ಮ ವಿಜಯಾ! ಅವಳು ಪ್ಲಾನು ಕಳಿಸಿದ್ದೇ ನಮ್ಮ ಚಾಳಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವಳಪ್ಪನಿಗೂ ಗೊತ್ತಿರಲಿಲ್ಲ.

ಆಮೇಲೆ ಏನು ಕೇಳುತ್ತೀರಿ? ದಾದರಿನ ಒಂದು ಹಾಲಿನಲ್ಲಿ ಸನ್ಮಾನ. ಶಾಲು, ಹಣ್ಣಿನ ಬುಟ್ಟಿ, ಬೆಳ್ಳಿಯ ಕಪ್ಪು, ಫೋಟೋ. ಸೊಸೈಟಿಯ ಅಧ್ಯಕ್ಷರು (ವಿಜಾಪುರದ ಕಡೆಯವರು, ಜವಳಿ ವ್ಯಾಪಾರ) ಒಂದು ತಾಸು ಮಾತಾಡಿದರು. ಕನ್ನಡದ ಕೀರ್ತಿ ಎಂದರು, ನಾರೀಶಕ್ತಿ ಎಂದರು. ಪ್ಲಾನಿನಲ್ಲಿ ತಮಗೆ ಬಹಳ ಹಿಡಿಸಿದ್ದು ಮೆಟ್ಟಿಲೆಂದರು. ಮೆಟ್ಟಿಲು ತಿರುಗುವ ಕಡೆಯಲ್ಲೆಲ್ಲ ಎಂಥ ವಿಶಾಲವಾದ ಜಾಗ ಬಿಟ್ಟಿದ್ದಾಳೆ, ನಮ್ಮೂರ ಜಮೀನ್ದಾರರ ವಾಡೆಯ ಗತ್ತು ಇದೆ ಎಂದರು. ಚಪ್ಪಾಳೆಯೋ ಚಪ್ಪಾಳೆ.

ಪ್ಲಾನನ್ನು ಗೋಡೆಗೆ ತೂಗುಹಾಕಿದ್ದರು. ಭಾಷಣ ತಪ್ಪಿಸಿಕೊಳ್ಳಲು ನಾನು ಎದ್ದು ಹೋಗಿ ಅದರ ಮುಂದೆ ನಿಂತೆ. ಮೆಟ್ಟಿಲ ತಿರುವಿನಲ್ಲಿ ಚುಕ್ಕೆಗೆರೆಯಲ್ಲಿ ಒಂದು ಉದ್ದನೆಯ ಚೌಕ ಬರೆದಿತ್ತು. ಆರೂವರೆ ಅಡಿ ಉದ್ದ, ಎರಡು ಅಡಿ ಅಗಲ. ಅದರ ನಾಲ್ಕು ಮೂಲೆಗೆ ನಾಲ್ಕು ಸಣ್ಣ ಸೊನ್ನೆ, ಹೊರುವ ಜನ. ಆ ಚೌಕ ಓರೆಯಾಗದೆ ಹೇಗೆ ತಿರುಗಿ ಕೆಳಗಿಳಿಯುತ್ತದೆ ಎಂದು ಬಾಣದ ಗುರುತು. ಪಕ್ಕದಲ್ಲಿ ಇಂಗ್ಲಿಷಿನಲ್ಲಿ ‘ಕಪಾಟು ಸಾಗಿಸಲು’ ಎಂದು ಬರೆದಿದ್ದಳು.

ನಾನು ನಿಂತಲ್ಲೇ ನಿಂತೆ. ಅದು ಕಪಾಟಲ್ಲ. ನನಗೆ ಗೊತ್ತಾಗದೆ ಇನ್ನಾರಿಗೆ ಗೊತ್ತಾಗಬೇಕು?

ಆರು ವರ್ಷದ ಹಿಂದೆ ನನ್ನ ಅವ್ವ ಇದೇ ಚಾಳಿನ ಮೂರನೆಯ ಮಾಳಿಗೆಯಲ್ಲಿ ತೀರಿಕೊಂಡಳು. ಬೆಳಿಗ್ಗೆ ನಲ್ಲಿಗೆ ನೀರು ಬರುವ ಹೊತ್ತು, ಗ್ಯಾಲರಿ ತುಂಬ ಬಾಲ್ದಿ. ಮೇಲೆಯೇ ಚಟ್ಟ ಕಟ್ಟೋಣವೆಂದೆ. ಹಳಬರು ಬೇಡವೆಂದರು. ಈ ಮೆಟ್ಟಿಲಿನಲ್ಲಿ ಚಟ್ಟ ತಿರುಗುವುದಿಲ್ಲ, ಕುರ್ಚಿ ತರಿಸು ಎಂದರು. ನಮ್ಮ ಚಾಳಿನ ಪದ್ಧತಿ ಅದು. ಸತ್ತವರನ್ನು ಕುರ್ಚಿಯಲ್ಲಿ ಕೂರಿಸಿ, ಸೀರೆಯಿಂದ ಬಿಗಿದು, ಕೆಳಗಿಳಿಸಿ, ಅಂಗಳದಲ್ಲಿ ಚಟ್ಟಕ್ಕೆ ಮಲಗಿಸುತ್ತಾರೆ. ನನ್ನ ಮನೆಯಲ್ಲಿ ಕುರ್ಚಿ ಇರಲಿಲ್ಲ. ವಾಸುದೇವ ರಾಯರ ಮನೆಯಿಂದ ತಂದರು. ವಿಜಯಾ ಕೂತು ಓದುತ್ತಿದ್ದ ಕುರ್ಚಿ.

ಹೆತ್ತವ್ವನನ್ನು ಕುರ್ಚಿಗೆ ಕಟ್ಟಿದ್ದೀರಾ ನೀವು? ನಾನು ಕಟ್ಟಿದ್ದೇನೆ. ಪ್ರತಿ ತಿರುವಿನಲ್ಲೂ ಕುರ್ಚಿಯನ್ನು ಎತ್ತಿ ಓರೆ ಮಾಡಬೇಕು. ಓರೆ ಮಾಡಿದಾಗಲೆಲ್ಲ ಅವಳ ತಲೆ ಒಂದು ಕಡೆಗೆ ವಾಲಿ ಗೋಡೆಗೆ ತಾಗುತ್ತಿತ್ತು. ಬದುಕಿದ್ದಾಗ ಸೆರಗು ಸರಿಯದಂತೆ ಬಾಳಿದವಳು. ಕೆಳಗಿನ ಮಾಳಿಗೆಯವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಾನು ನನ್ನ ಅಂಗೈಯನ್ನು ಗೋಡೆಗೂ ಅವಳ ತಲೆಗೂ ನಡುವೆ ಇಟ್ಟುಕೊಂಡು ಮೂರು ಮಾಳಿಗೆ ಇಳಿದೆ. ಬೆರಳಿನ ಗಿಣ್ಣು ಸುಲಿದದ್ದು ಶ್ಮಶಾನದಲ್ಲಿ ನೀರು ಮುಟ್ಟಿದಾಗ ತಿಳಿಯಿತು.

ಆ ಕುರ್ಚಿಯನ್ನು ವಿಜಯಾಳ ತಾಯಿ ಮತ್ತೆ ಮನೆಯೊಳಗೆ ಸೇರಿಸಲಿಲ್ಲ. ಅವರದು ತಪ್ಪೆನ್ನಲಾರೆ. ಗ್ಯಾಲರಿಯ ಮೂಲೆಯಲ್ಲಿ ಬಿದ್ದಿತ್ತು. ಯಾರೂ ಮುಟ್ಟದ ಆ ಕುರ್ಚಿಯನ್ನು ಹುಡುಗಿ ತಾನೇ ತೊಳೆದು, ಗ್ಯಾಲರಿಯಲ್ಲೇ ಅದರ ಮೇಲೆ ಕೂತು ಓದಿ ಮೆಟ್ರಿಕ್ ಪಾಸು ಮಾಡಿದಳು. ಆಗ ನಾನು ಅದನ್ನು ಮೊಂಡುತನ ಎಂದುಕೊಂಡಿದ್ದೆ.

ಸನ್ಮಾನದ ದಿನ ಪ್ಲಾನಿನಿಂದ ಕಣ್ಣು ತೆಗೆದು ತಿರುಗಿದರೆ ವಿಜಯಾ ವೇದಿಕೆಯ ಮೇಲಿನಿಂದ ನನ್ನನ್ನೇ ನೋಡುತ್ತಿದ್ದಳು. ಶಾಲು ಹೊದ್ದು, ಮಡಿಲಲ್ಲಿ ಕಪ್ಪು ಇಟ್ಟುಕೊಂಡು. ಒಂದು ಗಳಿಗೆ ನೋಡಿ ಮುಖ ತಗ್ಗಿಸಿದಳು.

ಅಷ್ಟಕ್ಕೇ ಬಿಟ್ಟಿದ್ದರೆ! ಆದರೆ ಅಂಕಣ ಬರೆಯುವವನ ಬಾಯಿ ನೋಡಿ.

ಕಳೆದ ಭಾನುವಾರ ಬೆಳಿಗ್ಗೆ ಒಂದು ಹೋಟೆಲಿನ ಮೇಲಿನ ರೂಮಿನಲ್ಲಿ ಕಮಿಟಿ ಸೇರಿತು, ಪ್ಲಾನಿಗೆ ಕೊನೆಯ ಒಪ್ಪಿಗೆ ಕೊಡಲು. ಮೆಟ್ಟಿಲಿಗೆ ಇಷ್ಟು ಜಾಗ ಯಾಕೆ ಎಂದು ಒಬ್ಬರು ಕೇಳಿದರು. ಅಧ್ಯಕ್ಷರೇ ಅವರ ಬಾಯಿ ಮುಚ್ಚಿಸಿದರು. ಮಂಚ, ಕಪಾಟು ಮೇಲೆ ಹೋಗುವುದು ಬೇಡವೇ, ಹುಡುಗಿ ಬರೆದೇ ಇದ್ದಾಳಲ್ಲ ಎಂದರು. ಎಲ್ಲರೂ ತಲೆಯಾಡಿಸಿದರು. ಸೆಕ್ರೆಟರಿ ಸಹಿಗೆ ಪೆನ್ನು ಬಿಚ್ಚಿದರು.

ಆಗ ನಾನು ಎದ್ದು ನಿಂತೆ.

ಕಪಾಟಲ್ಲ ಅದು, ಅದಕ್ಕಿಂತ ದೊಡ್ಡ ವಿಚಾರ ಎಂದು ಶುರು ಮಾಡಿದೆ. ಅವ್ವನ ಕಥೆ ಹೇಳಿದೆ, ಕುರ್ಚಿಯ ಕಥೆ ಹೇಳಿದೆ. ಹತ್ತಾರು ವರ್ಷ ಚಾಳಿನಲ್ಲಿದ್ದು ನಮಗೆ ಯಾರಿಗೂ ಹೊಳೆಯದ್ದು ಈ ಹುಡುಗಿಗೆ ಹೊಳೆದಿದೆ, ನಮ್ಮ ಬಿಲ್ಡಿಂಗಿನಲ್ಲಿ ಮನುಷ್ಯ ಕೊನೆಯ ಸಲವೂ ಮಲಗಿಕೊಂಡೇ, ಮರ್ಯಾದೆಯಿಂದ ಇಳಿಯುತ್ತಾನೆ ಎಂದೆ. ಎಲ್ಲರ ಕಣ್ಣೂ ಒದ್ದೆಯಾದೀತು ಎಂದು ಸುತ್ತ ನೋಡಿದೆ.

ಯಾರ ಕಣ್ಣೂ ಒದ್ದೆಯಾಗಿರಲಿಲ್ಲ. ಒಬ್ಬರು ಜನಿವಾರ ಮುಟ್ಟಿಕೊಂಡರು. ಸೆಕ್ರೆಟರಿ ಪೆನ್ನಿನ ಟೋಪಿ ಹಾಕಿದರು. ಅಧ್ಯಕ್ಷರು ಕಾಫಿಯ ಲೋಟವನ್ನು ದೂರ ಸರಿಸಿದರು.

“ಕುಲಕರ್ಣಿಯವರ, ಹೊಸಾ ಮನಿ ಕಟ್ಟೂ ಮುಂದ ಇಂಥಾ ಮಾತು ಆಡ್ತಾರೇನ್ರಿ?” ಎಂದರು. “ಇನ್ನೂ ಪಾಯಾ ತಗದಿಲ್ಲ. ಆಗಲೇ ಹೆಣಾ ಇಳಸಲಿಕ್ಕೆ ಹಾದಿ ಮಾಡೂದಂದ್ರ?”

ನಾನು, ಸಾಯೂದು ನಾವು ಮಾತಾಡದಿದ್ರೂ ಬರ್ತದರಿ ಎಂದೆ. ಅದು ಇನ್ನೂ ದೊಡ್ಡ ತಪ್ಪಾಯಿತು. ಒಬ್ಬರು ತಮ್ಮ ಮಗನ ಮದುವೆ ಹೊಸ ಮನೆಯಲ್ಲೇ ಆಗಬೇಕೆಂದಿದ್ದೇವೆ, ಮದುಮಗಳು ಚಟ್ಟದ ಜಾಗ ತುಳಿದು ಬರಬೇಕೇ ಎಂದು ಕೇಳಿದರು. ಇನ್ನೊಬ್ಬರು ಹುಡುಗಿಗೆ ಯಾರೂ ಬುದ್ಧಿ ಹೇಳುವವರಿಲ್ಲವೇ ಎಂದರು. ಹದಿನೈದು ದಿನದ ಹಿಂದೆ ಇದೇ ಹುಡುಗಿಗೆ ಇದೇ ಜನ ಶಾಲು ಹೊದಿಸಿದ್ದರು!

ಹೆರಿಗೆ ನೋವು ಬಂದ ಹೆಂಗಸರನ್ನು ಇಳಿಸಲಿಕ್ಕೂ ಆಯಿತು, ಕಾಲು ಮುರಿದವರಿಗೂ ಆಯಿತು ಎಂದೆ. ಯಾರೂ ಕೇಳಲಿಲ್ಲ. ಒಮ್ಮೆ ಹೆಣ ಎಂದ ಮೇಲೆ ಆ ಜಾಗದಲ್ಲಿ ಅವರಿಗೆ ಬೇರೇನೂ ಕಾಣಲಿಲ್ಲ. ಅರ್ಧ ತಾಸಿನಲ್ಲಿ ತೀರ್ಮಾನವಾಯಿತು. ಮೆಟ್ಟಿಲ ತಿರುವು ಎಲ್ಲ ಬಿಲ್ಡಿಂಗಿನಲ್ಲಿ ಇರುವಷ್ಟೇ ಇರಲಿ. ಉಳಿದ ಜಾಗ ಪಕ್ಕದ ಮನೆಗಳಿಗೆ ಸೇರಲಿ. ದೋಷಪರಿಹಾರಕ್ಕೆ ಕೆಳಗೆ ಮೆಟ್ಟಿಲ ಬುಡದಲ್ಲಿ ಒಂದು ಗಣಪತಿಯ ಗೂಡು ಇರಲಿ. ಕೈ ಎತ್ತಿರಿ ಎಂದರು. ನನ್ನದೊಂದು ಬಿಟ್ಟು ಎಲ್ಲ ಕೈಗಳೂ ಎದ್ದವು.

ನನ್ನ ಮೈ ಉರಿಯುತ್ತಿತ್ತು. ಇವರ ಮೇಲೆ ಎಷ್ಟೋ, ನನ್ನ ಮೇಲೂ ಅಷ್ಟೇ.

ಸಂಜೆ ವಿಜಯಾಳಿಗೆ ಹೇಳಲು ಹೋದೆ. ಎರಡು ಬಾಗಿಲು ದಾಟಲು ಅಷ್ಟು ಹೊತ್ತು ಹಿಡಿದದ್ದು ಅವತ್ತೇ. ಅವಳು ಗ್ಯಾಲರಿಯಲ್ಲಿ ಕಾಲೇಜಿನ ಯಾವುದೋ ಡ್ರಾಯಿಂಗಿಗೆ ಹಾಳೆ ಬಿಗಿಯುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿದೆ. ಕೇಳುತ್ತ ಕೇಳುತ್ತ ಹಾಳೆಯ ನಾಲ್ಕೂ ಮೂಲೆಗೆ ಪಿನ್ನು ಒತ್ತಿ ಮುಗಿಸಿದಳು.

“ನಮ್ಮವರು ನಂಗೆ ಗೊತ್ತುಂಟು ಕಾಕಾ,” ಎಂದಳು. “ಅದಕ್ಕೇ ಕಪಾಟು ಅಂತ ಬರೆದದ್ದು.”

ನಿನ್ನನ್ನು ಹೊಗಳಬೇಕೆಂದು ಹೇಳಿದೆನಮ್ಮಾ ಎಂದೆ.

“ನನ್ನನ್ನು ಹೊಗಳಲಿಕ್ಕೆ ಕಪ್ಪು ಸಾಕಿತ್ತಲ್ಲ,” ಎಂದಳು. ಆಮೇಲೆ, “ಇನ್ನು ಯಾರ ತಲೆಯೂ ಗೋಡೆಗೆ ತಾಗಬಾರದು ಅಂತ ಇತ್ತು ನಂಗೆ. ಅಷ್ಟೇ,” ಎಂದಳು.

ಮರುದಿನವೇ ಸೊಸೈಟಿಗೆ ಕಾಗದ ಬರೆದಳು. ಬಿಲ್ಡಿಂಗಿನ ಕಲ್ಲಿನ ಮೇಲೆ ತನ್ನ ಹೆಸರು ಕೆತ್ತಿಸುವುದು ಬೇಡ, ಇದು ತನ್ನ ಪ್ಲಾನಲ್ಲ ಎಂದು ಎರಡೇ ಸಾಲು. ಹುಡುಗಿಗೆ ಬಹುಮಾನ ತಲೆಗೇರಿದೆ ಎಂದು ಈಗ ಕಮಿಟಿಯವರು ಆಡಿಕೊಳ್ಳುತ್ತಿದ್ದಾರೆ. ಕಪ್ಪು ವಾಪಸು ಕೊಡಬೇಡ, ಅದು ನಿನ್ನದೇ ಎಂದು ನಾನು ಬೇಡಿಕೊಂಡ ಮೇಲೆ ಇಟ್ಟುಕೊಂಡಿದ್ದಾಳೆ. ಈಗ ಅದರ ತುಂಬ ಅವಳ ಪೆನ್ಸಿಲ್ಲು, ಬ್ರಷ್ಷು.

ಸ್ವಾಮೀ, ನಮಗೆ ಬಹುಮಾನ ಕೊಡುವುದೆಂದರೆ ಬಹಳ ಇಷ್ಟ. ಹಾರ ಹಾಕುವುದು ಇಷ್ಟ, ಫೋಟೋಕ್ಕೆ ಪಕ್ಕದಲ್ಲಿ ನಿಲ್ಲುವುದು ಇನ್ನೂ ಇಷ್ಟ. ಯಾವುದಕ್ಕೆ ಬಹುಮಾನ ಕೊಟ್ಟೆವೆಂದು ತಿಳಿದ ದಿನ ಕೈ ಹಿಂದೆಗೆಯುತ್ತೇವೆ. ನಮ್ಮ ಮಕ್ಕಳು ಜಾಣರಾಗಬೇಕು, ಆದರೆ ಆ ಜಾಣತನ ಬೆಳ್ಳಿಯ ಕಪ್ಪಿನಲ್ಲಿ ಹಿಡಿಸುವಷ್ಟೇ ಇರಬೇಕು! ಅದು ನಮ್ಮ ಮೆಟ್ಟಿಲಿಗೆ ಬರಬಾರದು. ಬೇರೆ ಊರಿನ ಯಾವನಾದರೂ ಕಣ್ಣು ಮುಚ್ಚಿ ಮೂರಡಿ ಅಗಲದ ಮೆಟ್ಟಿಲು ಬರೆದಿದ್ದರೆ ಗೊತ್ತಿಲ್ಲದೆ ಮಾಡಿದ ಎನ್ನಬಹುದಿತ್ತು. ನಾವು ಗೊತ್ತಿದ್ದೂ ಮಾಡಿದ್ದೇವೆ. ಆ ರೂಮಿನಲ್ಲಿದ್ದ ಒಬ್ಬೊಬ್ಬರೂ ಯಾವುದೋ ಚಾಳಿನಲ್ಲಿ ಯಾರದೋ ಕುರ್ಚಿಯ ಕಾಲು ಹಿಡಿದು ಇಳಿಸಿದವರೇ.

ಸೊಸೈಟಿಯ ಸದಸ್ಯರು ಯಾರಾದರೂ ಇದನ್ನು ಓದುತ್ತಿದ್ದರೆ ಕೇಳಿ. ಮುಂದಿನ ತಿಂಗಳು ಜನರಲ್ ಮೀಟಿಂಗ್ ಇದೆ. ನಾನು ಮತ್ತೆ ಎದ್ದು ನಿಲ್ಲುವವನೇ. ಈ ಸಲ ಕಪಾಟು ಎಂದೇ ಹೇಳುತ್ತೇನೆ. ನಿಮ್ಮೆಲ್ಲರ ಮನೆಯಲ್ಲೂ ಕಪಾಟು ಇದೆಯಲ್ಲ, ದಯಮಾಡಿ ಬಂದು ಕೈ ಎತ್ತಿ.

ಒಂದು ಮಾತು ಉಳಿಯಿತು. ಬುಧವಾರ ಪೋಸ್ಟಿನಲ್ಲಿ ಸೊಸೈಟಿಯ ಪಟ್ಟಿ ಬಂತು, ಯಾರಿಗೆ ಯಾವ ಮನೆ ಎಂದು. ನನಗೆ ಮೂರನೆಯ ಮಾಳಿಗೆ. ಅಧ್ಯಕ್ಷರಿಗೆ ನೆಲ ಅಂತಸ್ತು, ಅದೂ ಅವರೇ ಕೇಳಿ ಬರೆಸಿಕೊಂಡದ್ದು. ಪಕ್ಕದಲ್ಲಿ ಕಾರಣವನ್ನೂ ಟೈಪು ಮಾಡಿಸಿದ್ದಾರೆ: ‘ತಾಯಿಯವರಿಗೆ ವಯಸ್ಸಾಗಿದೆ, ಮೆಟ್ಟಿಲು ಆಗುವುದಿಲ್ಲ.’

ಮೂರನೆಯ ಮಾಳಿಗೆಯವರ ತಾಯಂದಿರಿಗೆ ವಯಸ್ಸಾಗುವುದಿಲ್ಲವೇ?